ಒಂಟಿ ಬೆಂಕಿ ಉರಿಯದ ಊರು

ನನ್ನ ಮದುವೆಯಲ್ಲಿ ಒಲೆ ಆರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನಮ್ಮೂರಿನವರು ನಿಮಗೆ ಹೇಳಿಯೇ ಹೇಳುತ್ತಾರೆ, ಅದೂ ಇಷ್ಟಿದ್ದದ್ದನ್ನು ಅಷ್ಟು ಮಾಡಿ, ಉಪ್ಪುಖಾರ ಹಚ್ಚಿ.

ನಮ್ಮೂರಿನಲ್ಲಿ ಒಂಟಿ ಬೆಂಕಿ ಉರಿಯುವುದಿಲ್ಲ. ಒಂದು ಬೆಂಕಿ ಅಂದರೆ ಎರಡು ಕೆಲಸ ಮಾಡಬೇಕು, ಆ ಎರಡು ಕೆಲಸ ಎರಡು ಮನೆಗೆ ಆಗಬೇಕು. ನಿಮ್ಮ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ಅದೇ ಬಿಸಿಯಲ್ಲಿ ಗೋಡೆಯಾಚೆ ಇನ್ನೊಬ್ಬರ ಹಂಡೆ ಕಾಯುತ್ತಿರಬೇಕು. ಬರೀ ನನ್ನ ಸಾರು ಕುದಿದರೆ ಸಾಕು ಅಂತ ಹಚ್ಚಿದಿರೋ, ಕಟ್ಟಿಗೆ ಎಷ್ಟೇ ಒಣಗಿರಲಿ, ಊದಿ ಊದಿ ನಿಮ್ಮ ಕಣ್ಣು ಕೆಂಡವಾಗಿರಲಿ, ಸ್ವಲ್ಪ ಹೊತ್ತು ಉರಿದಂತೆ ಮಾಡಿ ಆರಿಹೋಗುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನೀರು ಯಾಕೆ ತಗ್ಗಿಗೆ ಹರಿಯುತ್ತದೆ ಅಂತ ನಿಮ್ಮೂರಿನಲ್ಲಿ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ?

ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಒಂದು ಬೆಂಕಿ ಕಚೇರಿ ಇತ್ತು. ಯಾರ ಬೆಂಕಿಯ ಮಿಕ್ಕ ಬಿಸಿ ಯಾರಿಗೆ ಸೇರಬೇಕು ಅಂತ ಗೊತ್ತುಮಾಡುವುದು, ಹೊಸ ಮನೆ ಎದ್ದರೆ ಅದಕ್ಕೊಂದು ಜೋಡಿ ಮನೆ ಹುಡುಕಿಕೊಡುವುದು, ಬಿಸಿಯನ್ನು ದೂರಕ್ಕೆ ಕಳಿಸಿದವರಿಗೆ ಪ್ರೋತ್ಸಾಹ ಅಂತ ದೀಪದೆಣ್ಣೆ ಕೊಡುವುದು, ಇವೆಲ್ಲ ಅಲ್ಲಿಯ ಕೆಲಸ. ಕಚೇರಿಯ ವರದಯ್ಯನವರನ್ನು ಊರೆಲ್ಲ ಜೋಡಿ ಸಾಹೇಬರು ಅಂತಲೇ ಕರೆಯುತ್ತಿತ್ತು. ಕಳ್ಳಾಟ ಆಡಿದವರೂ ಇದ್ದರು. ಜವಳಿ ಅಂಗಡಿಯ ಪಾಪಯ್ಯ ತನ್ನ ಒಲೆಯ ಬಿಸಿಗೆ ಪಕ್ಕದ ಮನೆಯವರ ಹಪ್ಪಳ ಒಣಗುತ್ತದೆ ಅಂತ ಹೇಳಿ ಎಣ್ಣೆ ಲಪಟಾಯಿಸಿದ. ಪಕ್ಕದ ಮನೆಯಲ್ಲಿ ಹಪ್ಪಳ ಮುಟ್ಟುವವರೇ ಇರಲಿಲ್ಲ. ಸಾಹೇಬರಿಗೆ ತಿಳಿಯುವ ಮೊದಲು ಬೆಂಕಿಗೆ ತಿಳಿಯಿತು. ಸುಳ್ಳು ಅಗತ್ಯಕ್ಕೆ ಅದು ಉರಿಯುವುದಿಲ್ಲ. ಆಗಿನಿಂದ ಅವನು ಹಪ್ಪಳದ ಪಾಪಯ್ಯ ಆದ, ಸಾಯುವವರೆಗೂ ಹಾಗೇ ಇದ್ದ.

ಇನ್ನು ಕುಲ್ಸುಂಬಮ್ಮ. ನಮ್ಮ ಬೀದಿಯಿಂದ ಕವಲೊಡೆದು ಗುಡ್ಡಕ್ಕೆ ಹತ್ತುವ ಮೆಟ್ಟಿಲು ಓಣಿಯಲ್ಲಿ ಆಕೆಯ ಮನೆ. ಬಳೆ ಮಾರುವವಳು, ನನ್ನ ಬಾಯಲ್ಲಿ ಬೂವಮ್ಮ. ಯಾವ ಕಾಲದಲ್ಲಿ ಮುಟ್ಟಿದರೂ ಆಕೆಯ ಕೈ ತಣ್ಣಗೆ ಕೊರೆಯುತ್ತಿತ್ತು. ಎಲ್ಲಿ ಬೆಂಕಿ ಕಂಡರೂ ಕೂತು ಕೈ ಚಾಚುವುದು ಆಕೆಯ ಅಭ್ಯಾಸ. ಅದಕ್ಕೇ ಯಾರ ಮನೆಯಲ್ಲಿ ಒಲೆ ಮಂಕಾದರೂ ಮೊದಲು ಆಕೆಯನ್ನು ಕರೆಯುತ್ತಿದ್ದರು. ಆಕೆ ಬಂದು ಅಂಗೈ ಒಡ್ಡಿದಳೆಂದರೆ ಆರುತ್ತಿದ್ದ ಬೆಂಕಿ ಎದ್ದು ಕೂರುತ್ತಿತ್ತು. ಆ ಕೈಗೆ ಬಿಸಿ ನಿಜವಾಗಿಯೂ ಬೇಕಿತ್ತಲ್ಲ. ಹಾಗೆ ಕರೆಸಿಕೊಂಡವರ ಮನೆಯಲ್ಲಿ ಒಂದು ಲೋಟ ಕಾಫಿ ಆಕೆಗೆ ಸಲ್ಲಬೇಕಾದ ಹಕ್ಕು.

ಮದುವೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ತಾಳಿ ಕಟ್ಟಿದ ಮೇಲೆ ಒಲೆ ಶಾಸ್ತ್ರ ಅಂತ ಒಂದಿದೆ. ಹೊಸ ಗಂಡಹೆಂಡಿರು ಮೂರು ಕಲ್ಲು ಹೂಡಿ, ತಾವೇ ಬೆಂಕಿ ಹಚ್ಚಿ, ತಮ್ಮಿಬ್ಬರಿಗೆ ಮಾತ್ರ ಅಂತ ಒಂದು ಗಡಿಗೆಯಲ್ಲಿ ಅನ್ನಕ್ಕಿಡಬೇಕು. ಬೆಂಕಿ ನಡುವೆಯೇ ಆರಬೇಕು. ಆರಿತೆಂದರೆ ಅದು ಇಬ್ಬರನ್ನೂ ಒಂದು ಮನೆ ಅಂತ ಒಪ್ಪಿಕೊಂಡಿತು ಅಂತ ಅರ್ಥ. ಓಲಗ ಜೋರಾಗುತ್ತದೆ, ಹೆಣ್ಣುಹೆತ್ತವರು ಕಣ್ಣೊರೆಸಿಕೊಳ್ಳುತ್ತಾರೆ, ಮದುಮಕ್ಕಳು ಆ ಅರೆಬೆಂದ ಅನ್ನವನ್ನು ಕಟಕಟ ಅಗಿದು ನುಂಗುತ್ತಾರೆ. ನನ್ನ ಮದುವೆಯಲ್ಲಿ ಬೆಂಕಿ ಹಬ್ಬದ ದಿನ ಉರಿದ ಹಾಗೆ ಉರಿಯಿತು. ನಾವು ಇಬ್ಬರಾಗಿಯೇ ಇದ್ದೆವು, ಬೆಂಕಿಗೆ ಎರಡು ಮನೆ ಕಂಡಿತು. ಅನ್ನ ಹೂವಿನ ಹಾಗೆ ಅರಳಿತು. ನಮ್ಮತ್ತೆ ಒಂದು ಅಗುಳು ಹಿಸುಕಿ ನೋಡಿ, "ಚೆನ್ನಾಗಿ ಬೆಂದದೆ" ಅಂದರು. ಅಷ್ಟು ಚೆಂದದ ಅನ್ನವನ್ನು ಅಷ್ಟು ಕೆಟ್ಟ ಮುಖದಲ್ಲಿ ಯಾರೂ ಹೊಗಳಿರಲಿಕ್ಕಿಲ್ಲ. ಗಂಡ ಕೆಟ್ಟವನೇನಲ್ಲ. ವರ್ಷ ತುಂಬುವುದರೊಳಗೆ ಗುಡ್ಡದಾಚೆ ವ್ಯಾಪಾರಕ್ಕೆ ಹೋದ, ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡೆ ಅಂತ ಹೇಳಿ ಕಳಿಸಿದ. ಹಿರಿಯರು ಕೂತು ನನಗೆ ಬಿಡುಗಡೆ ಮಾಡಿಸಿದರು. ನಾನು ತವರಿಗೆ ಬಂದು ಅವ್ವನ ರೇಷ್ಮೆ ಬೇಸಿನ್ನಿನ ಮುಂದೆ ಕೂತೆ.

ರೇಷ್ಮೆ ನೂಲು ಬಿಚ್ಚುವುದನ್ನು ನೋಡಿದ್ದೀರೋ ಇಲ್ಲವೋ. ಕುದಿಯುವಂಥ ನೀರಿನಲ್ಲಿ ಗೂಡು ಹಾಕಿ, ಮೆತ್ತಗಾದ ಮೇಲೆ ಎಳೆಯ ತುದಿ ಹುಡುಕಿ ಎಳೆದು ರಾಟೆಗೆ ಕೊಡಬೇಕು. ನೀರು ತಣ್ಣಗಾದರೆ ಎಳೆ ಬಿಡುವುದಿಲ್ಲ, ಬಿಸಿ ಹೆಚ್ಚಾದರೆ ಹರಿಯುತ್ತದೆ. ದಿನವಿಡೀ ಬಿಸಿ ಬೇಕು. ನನಗೆ ಆ ಬಿಸಿ ಬರುತ್ತಿದ್ದದ್ದು ನಮ್ಮ ಬೀದಿಯ ಕೆಳತುದಿಯ ಎಂಜಿನ್ ಮನೆಯಿಂದ, ಬೀದಿಯ ಅಡಿಯಲ್ಲಿ ಹೂತ ಒಂದು ಕಬ್ಬಿಣದ ಕೊಳವೆಯಲ್ಲಿ. ಎಂಜಿನ್ನು ಬೀದಿಗೂ ಮೆಟ್ಟಿಲು ಓಣಿಗೂ ದೀಪದ ಕರೆಂಟು ಕೊಡುತ್ತಿತ್ತು. ಅದರ ಮಿಕ್ಕ ಆವಿ ನನ್ನ ಬೇಸಿನ್ನಿಗೆ. ಎಂಜಿನ್ನು ಹೊರಹಾಕುವ ಬಿಸಿ ಎಂದರೆ ಒಂದು ಸ್ನಾನದ ಹಂಡೆಗೆ ಮುಗಿಯುವಂಥದ್ದಲ್ಲ, ಅಷ್ಟನ್ನು ನುಂಗುವ ಬಾಯಿ ಇಡೀ ಬೀದಿಯಲ್ಲಿ ನನ್ನ ಬೇಸಿನ್ನಿಗೆ ಮಾತ್ರ ಇತ್ತು. ಹಾಗಾಗಿ ಕಚೇರಿ ನಮ್ಮಿಬ್ಬರನ್ನು ಜೋಡಿ ಮಾಡಿತ್ತು. ನಮ್ಮಿಬ್ಬರನ್ನು ಅಂದರೆ ನನ್ನನ್ನು ಮತ್ತು ಎಂಜಿನ್ ನೋಡಿಕೊಳ್ಳುವ ಮೌನೇಶಾಚಾರ್ರನ್ನು.

ಆಚಾರ್ರು ಮದುವೆಯಾದವರಲ್ಲ. ಕೋಳಿ ಕೂಗುವ ಮುಂಚೆ ಎದ್ದು ಬಾಯ್ಲರಿಗೆ ಕಟ್ಟಿಗೆ ಹಾಕುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಅಂತ ಅವರ ತಾಯಿ ಕೊರಗಿ ಕೊರಗಿ ತೀರಿಕೊಂಡಿದ್ದರು. ಎತ್ತರದ ಆಳು, ಮಾತು ಕಡಿಮೆ, ಮೈಯೆಲ್ಲ ಗ್ರೀಸಿನ ವಾಸನೆ. ನಸುಕಿನಲ್ಲಿ ಅವರು ಆವಿಯ ತಿರುಪು ತೆಗೆಯುತ್ತಿದ್ದರು. ಕೊಳವೆ ಮೊದಲು ಕಿರುಗುಟ್ಟಿ, ಆಮೇಲೆ ಬೆಚ್ಚಗಾಗುತ್ತಿತ್ತು. ಬಿಸಿ ಬಂದದ್ದು ತಿಳಿಸುವುದಕ್ಕೆ ನಾನು ಸೌಟಿನಿಂದ ಕೊಳವೆಗೆ ಎರಡು ಏಟು ಹಾಕಬೇಕು. ಅದು ಎಲ್ಲ ಜೋಡಿಗಳ ಪದ್ಧತಿ. ಎರಡು ಏಟು ಅಂದರೆ ಬಂತು ಅಂತ. ಬಿಸಿ ಕೊಡುವವರು ಬಡಿಯುವಂತಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೆ. ನಾನು ಎರಡು ಬಡಿಯುತ್ತಿದ್ದೆ, ಅವರು ಕೇಳುತ್ತಿದ್ದರು. ನಮ್ಮಿಬ್ಬರ ಮಾತುಕತೆ ವರ್ಷಾನುಗಟ್ಟಲೆ ಅಷ್ಟೇ ಇತ್ತು.

ಅಷ್ಟರಲ್ಲೇ ನನಗೆ ಅವರ ಎಲ್ಲವೂ ಗೊತ್ತಾಗುತ್ತಿತ್ತು ಅಂದರೆ ನೀವು ನಗಬಾರದು. ಅವರಿಗೆ ಜ್ವರ ಬಂದ ದಿನ ಬಿಸಿ ತಡೆದು ತಡೆದು ಬರುತ್ತಿತ್ತು. ತಾಯಿ ಹೋದ ತಿಂಗಳು ಇಡೀ ನೀರು ಕುದ್ದದ್ದೇ ಕುದ್ದದ್ದು, ಪಾಪ, ಬೇರೆ ಮಾಡಲು ಏನೂ ಇಲ್ಲದೆ ಕಟ್ಟಿಗೆ ತುಂಬುತ್ತಿದ್ದರು ಅಂತ ಕಾಣುತ್ತದೆ. ನನ್ನ ಎಳೆಗಳೆಲ್ಲ ಹರಿದವು, ನಾನು ಬೈಯಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕೊಳವೆಯ ಮೇಲೆ ಅಂಗೈ ಇಟ್ಟು ಕಾಯುವುದು ನನಗೆ ಅಭ್ಯಾಸವಾಯಿತು. ಬೆಚ್ಚಗಾದ ಮೇಲೂ ಕೈ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಇಷ್ಟಪಟ್ಟಿದ್ದೆ, ಬಿಡಿ. ಈ ವಯಸ್ಸಿನಲ್ಲಿ ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ.

ಒಂದು ಬೆಳಗ್ಗೆ ಸೌಟು ಮೂರನೇ ಏಟು ಹಾಕಿಬಿಟ್ಟಿತು. ಸೌಟೇನು ತಾನಾಗಿ ಹಾಕುತ್ತದೆಯೇ, ನಾನೇ ಹಾಕಿದೆ. ಮೂರನೇ ಏಟಿಗೆ ನಮ್ಮೂರಲ್ಲಿ ಯಾವ ಅರ್ಥವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಆಚಾರ್ರು ಬೀದಿಯುದ್ದಕ್ಕೂ ಓಡಿಬಂದು ನನ್ನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು.

"ಏನಾಯ್ತು? ಕೈಗೇನಾದ್ರೂ ಬಿಸಿನೀರು ಬಿತ್ತಾ?"

"ಏನಿಲ್ಲ. ಸೌಟು ಜಾರಿತು."

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಬೇಸಿನ್ನಿನ ಹಬೆ ಇಬ್ಬರ ನಡುವೆ ಏಳುತ್ತಿತ್ತು. ಸೌಟು ಜಾರಲಿಲ್ಲ ಅಂತ ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಎಂಜಿನ್ನನ್ನು ಒಂದೇ ಬಿಟ್ಟು ಬಂದಿದ್ದರಿಂದ ಹೊರಗೆ ಬೀದಿಯ ದೀಪಗಳು ಮಿಣಮಿಣ ಅನ್ನತೊಡಗಿದ್ದವು. ಅವರು ಆ ಕಡೆ ತಿರುಗಿ ನೋಡಿ, "ಬೀದಿ ಕತ್ತಲಾಗ್ತದೆ, ನಿಂಗಾಜಮ್ಮ" ಅಂದರು.

"ನಾನೇನಾದ್ರೂ ಕೇಳಿದ್ನಾ ಆಚಾರ್ರೇ?" ಅಂದೆ.

"ಕೇಳಲಿಲ್ಲ" ಅಂದು ಹೊರಟುಹೋದರು.

ಅವರು ಹೇಳಿದ್ದು ಸರಿಯೇ. ಬಿಸಿ ಕೊಡುವವರೂ ಪಡೆಯುವವರೂ ಒಂದೇ ಸೂರಿನವರಾದರೆ ಬೆಂಕಿ ಅದನ್ನು ಒಂದೇ ಮನೆ ಅಂತ ಎಣಿಸುತ್ತದೆ. ದೀಪ ಎಷ್ಟು ಮನೆಗೆ ಹೋದರೂ ಅದರ ಲೆಕ್ಕಕ್ಕಿಲ್ಲ, ಅದು ಎಣಿಸುವುದು ಬಿಸಿಯನ್ನು ಮಾತ್ರ. ನಾವು ಮದುವೆಯಾಗಿ ಒಂದೇ ಮನೆಯಾದೆವೆಂದರೆ ಎಂಜಿನ್ನಿನ ಜೋಡಿ ತಪ್ಪಿತು, ಬೆಂಕಿ ಆರಿತು, ಬೀದಿಗೆ ಬೀದಿಯೇ ಕತ್ತಲು. ನನ್ನ ಒಬ್ಬಳ ಆಸೆಗೆ ಅಷ್ಟು ಮನೆಯ ಮಕ್ಕಳು ಕತ್ತಲಲ್ಲಿ ತಡವರಿಸಬೇಕೇ? ಬೇರೆ ಜೋಡಿ ಹುಡುಕಿಕೊಡಿ ಅಂತ ಕೇಳೋಣವೆಂದರೆ ಇನ್ನೊಂದು ಬೇಸಿನ್ನು ಬೀದಿಯಲ್ಲಿಲ್ಲ. ಹಾಗಾಗಿ ಮರುದಿನ ನಸುಕಿನಲ್ಲಿ ನಾನು ಮತ್ತೆ ಎರಡೇ ಏಟು ಹಾಕಿದೆ. ಮುಂದೆ ಎಷ್ಟೋ ವರ್ಷ ಹಾಗೆಯೇ ಹಾಕಿದೆ. ತಲೆಗೂದಲು ನೆರೆಯಿತು, ಬೆರಳುಗಳು ನೀರಿನಲ್ಲಿ ಬೆಂದು ಬಿಳುಚಿಕೊಂಡವು.

ಆಮೇಲೆ ಗುಡ್ಡದಾಚೆಯಿಂದ ತಂತಿ ಬಂತು. ದೊಡ್ಡ ಕಂಬಗಳು, ಅವುಗಳ ಮೇಲೆ ದಪ್ಪ ತಂತಿ. ಎಲ್ಲೋ ದೂರದಲ್ಲಿ ಮಾಡಿದ ಕರೆಂಟು, ಅಗ್ಗ, ಹೊಗೆಯಿಲ್ಲ, ಕಟ್ಟಿಗೆಯಿಲ್ಲ. ಜೋಡಿ ಸಾಹೇಬರು ಬೀದಿಯವರನ್ನೆಲ್ಲ ಗರಡಿಯ ಮುಂದೆ ಸೇರಿಸಿ ವಿಷಯ ತಿಳಿಸಿದರು. ತಂತಿಯ ಕರೆಂಟು ಬಂದ ಮೇಲೆ ಎಂಜಿನ್ನುಗಳ ಪ್ರೋತ್ಸಾಹ ನಿಲ್ಲುತ್ತದಂತೆ. ಅದನ್ನು ಹೇಳುವಾಗ ಅವರ ಮುಖ ಸಪ್ಪಗಿತ್ತು, ಜೋಡಿ ಮಾಡಿಸುವ ಕೆಲಸವೇ ಇಲ್ಲದ ಮೇಲೆ ಜೋಡಿ ಸಾಹೇಬರು ಯಾರಿಗೆ ಬೇಕು. ಜನ ಮಾತ್ರ ಖುಷಿಯಾಗಿದ್ದರು. ಸಭೆಯಲ್ಲಿ ಎಂದೂ ಬಾಯಿಬಿಡದ ಆಚಾರ್ರು ಅವತ್ತು ಎದ್ದು ನಿಂತರು.

"ಸಾಹೇಬ್ರೇ, ಆ ಕಡೆ ತುದೀಲಿ ಎಲ್ಲೋ ಬೆಂಕಿ ಉರೀತಿರಬೇಕಲ್ಲ. ಅದರ ಬಿಸಿ ಯಾರಿಗೆ ಹೋಗ್ತದೆ?"

"ಯಾರಿಗೂ ಇಲ್ಲ ಆಚಾರ್ರೇ. ಆಕಾಶಕ್ಕೆ ಬಿಡ್ತಾರಂತೆ."

"ಒಂಟಿ ಬೆಂಕಿನಾ? ಆರಲ್ವಾ ಅದು?"

"ಆ ಊರಲ್ಲಿ ಆರಲ್ವಂತೆ."

ಅಷ್ಟು ದೊಡ್ಡ ಬೆಂಕಿ, ಒಬ್ಬರ ಹಂಡೆಯನ್ನೂ ಕಾಯಿಸದೆ, ಯಾರ ಕೈಯನ್ನೂ ಬೆಚ್ಚಗೆ ಮಾಡದೆ ಹಗಲೂ ರಾತ್ರಿ ಉರಿಯುತ್ತದೆ ಅಂದರೆ ನಮಗೆ ಸಂಕಟವಾಗದೆ ಇರುತ್ತದೆಯೇ. "ಪಾಪ, ಯಾರೂ ಇಲ್ವಾ ಅದಕ್ಕೆ" ಅಂದಳು ಕುಲ್ಸುಂಬಮ್ಮ, ತನ್ನ ಕೈಯನ್ನೇ ಉಜ್ಜಿಕೊಳ್ಳುತ್ತ. ಆದರೆ ಮರುಗಿದ್ದು ಅವತ್ತಿಗೆ ಮುಗಿಯಿತು. ಎಲ್ಲರೂ ತಂತಿ ಹಾಕಿಸಿಕೊಂಡರು.

ಮೆಟ್ಟಿಲು ಓಣಿ ಒಂದು ಉಳಿಯಿತು. ಅಲ್ಲಿ ಕಂಬ ನೆಡಲು ಜಾಗ ಸಾಲದು, ದೀಪಾವಳಿಯ ಹೊತ್ತಿಗೆ ಗೋಡೆಗಳ ಮೇಲೆ ತಂತಿ ಎಳೆದು ಕೊಡುತ್ತೇವೆ ಅಂದಿದ್ದರು. ಅಲ್ಲಿಯವರೆಗೆ ಆಚಾರ್ರ ಎಂಜಿನ್ನು ಓಣಿಯ ದೀಪಕ್ಕೂ ನನ್ನ ಬೇಸಿನ್ನಿಗೂ ಅಂತ ಸಣ್ಣಗೆ ಉಸಿರಾಡುತ್ತಿತ್ತು. ಅಷ್ಟರಲ್ಲಿ ಜೋಡಿ ಸಾಹೇಬರು ಒಂದು ಬೆಳಗ್ಗೆ, ನಾನಿನ್ನೂ ಎರಡು ಏಟು ಹಾಕುವ ಮೊದಲೇ, ನಮ್ಮ ಮನೆಗೆ ಬಂದರು, ಕೈಯಲ್ಲಿ ಸುರುಳಿ ಸುತ್ತಿದ ಒಂದು ಕಾಯಿಲ್ಲು. ಬೇಸಿನ್ನಿನಲ್ಲಿ ಇಳಿಬಿಟ್ಟು ಸ್ವಿಚ್ಚು ಒತ್ತಿದರೆ ತಂತಿಯ ಕರೆಂಟಿನಿಂದ ನೀರು ಕಾಯುತ್ತದೆ.

"ಪುಕ್ಕಟೆ ಕೊಡ್ತಾ ಇದಾರೆ ನಿಂಗಾಜಮ್ಮ. ಅವಸರ ಏನಿಲ್ಲ. ದೀಪಾವಳಿ ಆದ ಮೇಲೆ ಹಾಕ್ಕೋಬಹುದು. ಈಗಲೇ ಹಾಕ್ಕೊಂಡ್ರೆ ಆ ಕಡೆ ಬೆಂಕಿ ಆರ್ತದೆ, ಗೊತ್ತಲ್ಲ?"

"ಗೊತ್ತು" ಅಂದೆ. "ಕೊಡಿ ಇಲ್ಲಿ."

ಅವರು ನನ್ನನ್ನು ಒಂದು ಥರ ನೋಡಿದರು. ಜೋಡಿಯ ಬೆಂಕಿ ಜೀವಂತ ಇರುವಾಗ ಇನ್ನೊಂದು ಕಡೆಯ ಬಿಸಿ ಪಡೆಯುವುದನ್ನು ನಮ್ಮಲ್ಲಿ ಬಿಸಿ ಬಿಡುವುದು ಅನ್ನುತ್ತಾರೆ. ಗಂಡ ಬಿಟ್ಟವಳ ಬಗ್ಗೆ ಮಾತಾಡುವ ದನಿಯಲ್ಲೇ ಬಿಸಿ ಬಿಟ್ಟವಳ ಬಗ್ಗೆಯೂ ಮಾತಾಡುತ್ತಾರೆ. ನನಗೆ ಅದೆಲ್ಲ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಎಂಜಿನ್ನು ಇರುವವರೆಗೆ ತಾನೇ ಅಡ್ಡಿ? ಬೀದಿಗೆ ತಂತಿ ಬಂತು, ಓಣಿಗೂ ಬರುತ್ತದೆ, ನನಗೆ ಕಾಯಿಲ್ಲು. ಕಾಯಬೇಕಾದ ಬೆಂಕಿಯೇ ಇಲ್ಲದ ಮೇಲೆ ಆ ಮನುಷ್ಯ ಒಂದು ಸೂರಿನಡಿ ಬರಲು ಯಾವ ತಡೆ? ದೀಪಾವಳಿಯವರೆಗೂ ಕಾಯಬಹುದಿತ್ತು, ಕಾಯಲಿಲ್ಲ. ಅಷ್ಟು ವರ್ಷ ಕಾದವಳಿಗೆ ಕಡೆಯ ಆ ನಾಲ್ಕು ದಿನವೇ ಹೊರಲಾರದ ಭಾರವಾಯಿತು. ನಾನು ಹೇಳುವ ಅಗತ್ಯವೇ ಇಲ್ಲ, ಬೆಂಕಿ ಆರಿದ್ದು ನೋಡಿದರೆ ಅವರೇ ಅರ್ಥ ಮಾಡಿಕೊಂಡು ಬರುತ್ತಾರೆ ಅಂದುಕೊಂಡೆ. ಕಾಯಿಲ್ಲು ಇಳಿಬಿಟ್ಟು ಸ್ವಿಚ್ಚು ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಕೊಳವೆ ತಣ್ಣಗಾಯಿತು.

ಅವತ್ತು ನಾನು ತಲೆಗೆ ಎರೆದುಕೊಂಡೆ. ನಾನೇ ಬಿಚ್ಚಿದ ನೂಲಿನಲ್ಲಿ ನೇಯಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟೆ. ಜಗುಲಿಯಲ್ಲಿ ಕೂತು ಬೀದಿಯ ಕೆಳತುದಿಯನ್ನೇ ನೋಡುತ್ತಿದ್ದೆ. ಸಂಜೆಯಾಯಿತು, ಬೀದಿಯಲ್ಲಿ ತಂತಿಯ ದೀಪಗಳು ಹತ್ತಿಕೊಂಡವು. ಮೆಟ್ಟಿಲು ಓಣಿ ಕತ್ತಲಲ್ಲಿ ಕೂತಿತು. ಆಚಾರ್ರು ಬರಲಿಲ್ಲ.

ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಓಣಿಯವರು ಮಾತ್ರ ಬಂದರು. ಒಬ್ಬೊಬ್ಬರಾಗಿ ಬಂದು ಬೈದುಹೋದರು. ಮೆಟ್ಟಿಲಲ್ಲಿ ಎಡವಿದವರು, ಕೊಡ ಒಡೆದುಕೊಂಡವರು. "ನಿನ್ನ ನೀರು ಕಾದರೆ ಸಾಕು, ನಮ್ಮ ಕಾಲು ಮುರಿದರೂ ಪರವಾಗಿಲ್ಲ, ಅಲ್ವೇನಮ್ಮ?" ಅನ್ನುತ್ತಿದ್ದರು. ಬೈಗುಳಕ್ಕೆ ತಕ್ಕ ತಪ್ಪು ಮಾಡಿದ್ದೆ, ತಲೆ ತಗ್ಗಿಸಿ ಕೇಳಿಸಿಕೊಂಡೆ. ನನ್ನ ಚಿಂತೆ ಬೇರೆ ಇತ್ತು. ಕಾಯಿಲ್ಲಿನ ಬಿಸಿ ಎಂದರೆ ಒಂದೇ ಸಮ, ಅದಕ್ಕೆ ಜ್ವರವಿಲ್ಲ, ದುಃಖವಿಲ್ಲ, ಬೆಳಗಿನ ಕಿರುಗುಟ್ಟುವಿಕೆ ಇಲ್ಲ. ನೂಲು ಮಾತ್ರ ಒಂದು ಕಡೆಯೂ ಹರಿಯದೆ ಬರುತ್ತಿತ್ತು. ನಸುಕಿನಲ್ಲಿ ಎದ್ದು ಕೊಳವೆಯ ಮೇಲೆ ಕೈ ಇಡುತ್ತಿದ್ದೆ. ತಣ್ಣನೆಯ ಕಬ್ಬಿಣ. ಎರಡು ಏಟು ಹಾಕೋಣವೆಂದರೆ ಏನು ಬಂತು ಅಂತ ಹಾಕುವುದು? ಕೈಯಲ್ಲಿದ್ದದ್ದನ್ನು ನಾನೇ ಚೆಲ್ಲಿಕೊಂಡೆ ಅನ್ನಿಸಿ ಅಳು ಬರುತ್ತಿತ್ತು, ಅತ್ತೆ ಕೂಡ.

ದೀಪಾವಳಿಗೆ ಓಣಿಗೂ ತಂತಿ ಬಂತು. ಹಬ್ಬ ಕಳೆದ ಮೇಲೆ ಕುಲ್ಸುಂಬಮ್ಮ ಬಂದು ಬಳೆಯ ಮಲಾರ ಇಳಿಸಿ, ರೂಢಿಯಂತೆ ಒಲೆಯ ಮುಂದೆ ಕೂತು ಕೈ ಚಾಚಿದಳು.

"ಏನು ಬೂವಮ್ಮ, ನೀನೂ ಬೈಯೋಕೆ ಬಂದ್ಯಾ?"

"ನಿನ್ನ ಬೈದು ನನ್ನ ಬಾಯಿ ಯಾಕೆ ಕೆಡಿಸ್ಕೊಳ್ಲಿ. ಆಚಾರಿ ಊರು ಬಿಡ್ತಾವ್ನೆ, ಗೊತ್ತಾ ನಿಂಗೆ?"

ನನ್ನ ಕೈಯಲ್ಲಿದ್ದ ಗೂಡು ನೀರಿಗೆ ಬಿತ್ತು.

"ತಂತಿಯವರು ಕೆಲಸ ಕೊಡ್ತೀವಿ ಅಂದವ್ರಂತೆ. ಗುಡ್ಡದಾಚೆ ಆ ಒಂಟಿ ಬೆಂಕಿ ಐತಲ್ಲ, ಅದನ್ನ ಕಾಯೋ ಕೆಲಸ. ನಾಳೆ ಅವರ ಲಾರಿ ಹೊರಡ್ತದೆ, ಅದ್ರಲ್ಲೇ ಹೋಗ್ತಾನಂತೆ. ಯಾಕಪ್ಪ ಅಂತ ಕೇಳ್ದೆ. ಏನಂದ ಗೊತ್ತಾ? 'ಬೀದಿಗೆ ನನ್ನ ಬೆಳಕು ಬೇಡವಾದದ್ದು ನ್ಯಾಯ. ಆದರೆ ಆಯಮ್ಮ ದೀಪಾವಳಿವರ್ಗೂ ತಡೀಲಿಲ್ಲ. ನನ್ನ ಬಿಸಿ ಅಷ್ಟು ಸಾಕಾಗಿತ್ತು ಅಂತ ಇಷ್ಟು ವರ್ಷ ನನಗೆ ತಿಳೀಲೇ ಇಲ್ಲ' ಅಂದ. ಕಣ್ಣಲ್ಲಿ ನೀರಿತ್ತು ಕಣೇ ನಿಂಗಾಜಿ. ಅಷ್ಟು ದೊಡ್ಡ ಆಳು."

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಎದ್ದುಹೋಗಿ ಸೌಟು ತೆಗೆದುಕೊಂಡು ಆ ತಣ್ಣನೆಯ ಕೊಳವೆಗೆ ಶಕ್ತಿಯಿದ್ದಷ್ಟು ಮೂರು ಏಟು ಹಾಕಿದೆ. ಕಿವಿಗೊಟ್ಟು ನಿಂತೆ. ಹಿಂದೊಮ್ಮೆ ಓಡಿಬಂದಿದ್ದರಲ್ಲ, ಈಗಲೂ ಬರಬಹುದು ಅಂತ ಬಾಗಿಲಿಗೆ ಹೋದೆ. ಬೀದಿಯಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೆ.

"ಕೊಳವೆ ಆ ಕಡೆ ಬಿಚ್ಚಾಕವ್ನೆ. ನೀನು ಎಷ್ಟು ಬಡಿದ್ರೂ ಕೇಳ್ಸಲ್ಲ" ಅಂದಳು ಕುಲ್ಸುಂಬಮ್ಮ.

ಅಷ್ಟು ವರ್ಷ ಆ ಕಬ್ಬಿಣದ ಕೈಯಲ್ಲಿ ನನ್ನ ಮಾತನ್ನು ಆಡಿಸಿದ್ದೇ ತಪ್ಪು ಅಂತ ಆಗ ಹೊಳೆಯಿತು. ಬಾಯಿ ಇತ್ತು, ಕಾಲಿತ್ತು, ಬೀದಿಯೇನು ಮೈಲಿಗಟ್ಟಲೆ ಇರಲಿಲ್ಲ. ಒಂದು ಸಣ್ಣ ಗಡಿಗೆಗೆ ಒಂದು ಪಾವು ಅಕ್ಕಿ ಹಾಕಿಕೊಂಡೆ, ಸೌಟನ್ನು ಸೊಂಟಕ್ಕೆ ಸಿಕ್ಕಿಸಿದೆ. "ಎಲ್ಲಿಗೆ? ನಾನೂ ಬರ್ತೀನಿ" ಅಂತ ಕುಲ್ಸುಂಬಮ್ಮ ಎದ್ದಳು. "ನೀನು ಮನೆಗೆ ಹೋಗು ಬೂವಮ್ಮ, ಇದು ನೋಡೋ ತಮಾಷೆಯಲ್ಲ" ಅಂದು ಬೀದಿಗಿಳಿದೆ. ಹಾಡುಹಗಲು. ಗಡಿಗೆ ಹಿಡಿದು ಎಂಜಿನ್ ಮನೆಯ ಕಡೆ ನಡೆಯುತ್ತಿದ್ದ ನನ್ನನ್ನು ಜಗುಲಿಗಳೆಲ್ಲ ನೋಡಿದವು. ನೋಡಲಿ ಅಂದುಕೊಂಡೆ.

ಆಚಾರ್ರು ಎಂಜಿನ್ನಿನ ಹಿತ್ತಾಳೆ ಭಾಗಗಳನ್ನು ಬಿಚ್ಚಿ, ಒರೆಸಿ, ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದರು. ಒಂದು ಟ್ರಂಕು ಬಾಗಿಲ ಬಳಿಯೇ ಇತ್ತು. ನನ್ನನ್ನು ಕಂಡು ಎದ್ದು ನಿಂತರು, ಕೈ ಒರೆಸಿಕೊಂಡರು. ಅಷ್ಟು ಹತ್ತಿರದಿಂದ ನೋಡಿದಾಗ ಅವರಿಗೂ ನನ್ನಷ್ಟೇ ವಯಸ್ಸಾಗಿತ್ತು.

"ಆಚಾರ್ರೇ, ನಾನು ಕಾಯಿಲ್ಲು ಯಾಕೆ ತಗೊಂಡೆ ಗೊತ್ತಾ ನಿಮಗೆ?"

"ಹಗುರ ಕೆಲಸ. ಚೊಕ್ಕ ಬಿಸಿ."

"ನಿಮ್ಮ ತಲೆ. ಬೀದಿ ಕತ್ತಲಾಗ್ತದೆ ಅಂದಿದ್ರಲ್ಲ ಅವತ್ತು, ಇನ್ನು ಕತ್ತಲಾಗಲ್ಲ ಅಂತ ತಗೊಂಡೆ. ಈ ಬೆಂಕಿ ಆರಿದ್ರೆ ನೀವು ಬರಬಹುದು ಅಂತ ತಗೊಂಡೆ. ತಲೆಗೆ ಎರ್ಕೊಂಡು ಹೊಸ ಸೀರೆ ಉಟ್ಕೊಂಡು ಜಗುಲಿ ಮ್ಯಾಲೆ ಕೂತಿದ್ದೆ."

ಅವರು ಕೈ ಒರೆಸಿದ ಬಟ್ಟೆಯನ್ನು ಮಡಚಿ ಗೋಣಿಯ ಮೇಲಿಟ್ಟರು. ಆಮೇಲೆ, "ಹೇಳಬಾರದಿತ್ತಾ?" ಅಂದರು.

"ನೀವು ಕೇಳಬಾರದಿತ್ತಾ?"

"ನಾನು ಯಾವತ್ತೂ ಕೇಳಿಸ್ಕೊಂಡೇ ಅಭ್ಯಾಸ, ನಿಂಗಾಜಮ್ಮ. ಆ ಬೆಳಗ್ಗೆ ಎರಡೇಟು ಬರಲಿಲ್ಲ. ಕೊಳವೆಗೆ ಕಿವಿ ಇಟ್ಕೊಂಡು ಮಧ್ಯಾಹ್ನದವರೆಗೂ ಕೂತಿದ್ದೆ."

ಮಾತು ಸಾಕು ಅನ್ನಿಸಿ ಮೂರು ಇಟ್ಟಿಗೆ ಎಳೆದು ಹೂಡಿದೆ. ಅವರು ಸುಮ್ಮನೆ ಹೋಗಿ ಬಾಯ್ಲರಿನ ಪಕ್ಕ ಉಳಿದಿದ್ದ ಕಟ್ಟಿಗೆ ತಂದರು, ಕಡ್ಡಿ ಗೀರಿದರು. ಇಬ್ಬರೂ ಸೇರಿ ಗಡಿಗೆ ಎತ್ತಿಟ್ಟೆವು. ಎದುರುಬದುರು ಕೂತೆವು. ಬೆಂಕಿ ಹೊತ್ತಿಕೊಂಡಿತು.

ಉರಿಯಿತು. ಚೆನ್ನಾಗಿಯೇ ಉರಿಯಿತು. ನೀರು ಗುಳುಗುಳು ಅಂದಿತು, ಅಕ್ಕಿ ಮೇಲೆ ಕೆಳಗೆ ಆಗತೊಡಗಿತು, ಬೆಂಕಿ ಮಾತ್ರ ತಗ್ಗುವ ಲಕ್ಷಣವೇ ಇಲ್ಲ. ಅತ್ತೆಯ ಮುಖ, ಹಿಸುಕಿದ ಆ ಅಗುಳು ಕಣ್ಣ ಮುಂದೆ ಬಂತು. ಅಷ್ಟು ವರ್ಷ ಬೇರೆ ಬೇರೆ ತುದಿಯಲ್ಲಿ ಕೂತದ್ದರಿಂದ ಎರಡೇ ಆಗಿ ಉಳಿದೆವೇನೋ, ಈ ಜನ್ಮಕ್ಕೆ ಇಷ್ಟೇ ಏನೋ.

"ಉರೀತಾ ಐತೆ" ಅಂದರು ಆಚಾರ್ರು, ಮೆಲ್ಲಗೆ.

"ನೋಡ್ತಾ ಇದೀನಿ."

"ಬೆಂಕಿ ಸುಳ್ಳು ಹೇಳಲ್ಲ." ಅವರ ಕಣ್ಣು ಬಾಗಿಲ ಬಳಿಯ ಟ್ರಂಕಿನ ಕಡೆ ಹೋಯಿತು. ನಾನೂ ಆ ಕಡೆ ತಿರುಗಿದೆ.

ಟ್ರಂಕಿನ ಆಚೆ, ಹೊಸಿಲಿನ ಮೇಲೆ, ಕಣ್ಣು ಮುಚ್ಚಿಕೊಂಡು, ಎರಡು ಅಂಗೈಯನ್ನೂ ನಮ್ಮ ಬೆಂಕಿಗೆ ಒಡ್ಡಿಕೊಂಡು ಕುಲ್ಸುಂಬಮ್ಮ ಹಾಯಾಗಿ ಕೂತಿದ್ದಳು.

"ಬೂವಮ್ಮ" ಅಂದೆ.

ಕಣ್ಣು ಬಿಟ್ಟಳು. ಬೆಂಕಿ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು, ಕಡೆಗೆ ತನ್ನ ಕೈ ನೋಡಿಕೊಂಡಳು. "ಯಾ ಅಲ್ಲಾ, ಈ ಹಾಳಾದ ಕೈ" ಅಂದು ಎರಡನ್ನೂ ಸೆರಗಿನೊಳಗೆ ಹುದುಗಿಸಿಕೊಂಡು ಎದ್ದಳು. ಏನೋ ಕೇಳಬೇಕು ಅನ್ನಿಸಿ ಕೇಳಿದೆ, "ನನ್ನ ಮದುವೇಲೂ ನೀನು ಹೀಗೇ ಕೂತಿದ್ಯಾ ಬೂವಮ್ಮ?"

"ಇಲ್ಲ ಕಣವ್ವ, ನಾನಾಗ ಈ ಊರಿಗೇ ಬಂದಿರಲಿಲ್ಲ. ಅದು ನಿನ್ನ ಹಣೆಬರಾನೇ" ಅಂದು ಬಾಗಿಲೆಳೆದುಕೊಂಡು ಹೋದಳು. ಆಕೆಯ ಮೆಟ್ಟಿನ ಸದ್ದು ಬೀದಿಯಲ್ಲಿ ದೂರವಾಗುವವರೆಗೂ ನಾವು ಉಸಿರು ಬಿಡಲಿಲ್ಲ.

ಬೆಂಕಿ ಮೊದಲು ಮೆತ್ತಗಾಯಿತು. ಉರಿ ಗಡಿಗೆಯ ಬದಿಯಿಂದ ಇಳಿದು ಕಟ್ಟಿಗೆಯ ಮೇಲೆ ಕೂತಿತು. ಆಚಾರ್ರ ಕೈ ಅಭ್ಯಾಸಬಲದಿಂದ ಊದುಕೊಳವೆಯ ಕಡೆ ಹೋಯಿತು, ಅಲ್ಲಿಯೇ ನಿಂತಿತು. ಒಂದು ಸಣ್ಣ ನೀಲಿ ನಾಲಿಗೆ ಅತ್ತಿತ್ತ ಹುಡುಕಾಡಿ, ನಮ್ಮಿಬ್ಬರಲ್ಲಿ ಎರಡನೆಯ ಮನೆ ಯಾವುದೂ ಸಿಗದೆ ಆರಿಹೋಯಿತು. ನೀರಿನ ಸದ್ದು ನಿಂತಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಹೊಗೆ ಬೇರೆ ಇತ್ತು.

ಆಚಾರ್ರು ಗಡಿಗೆಗೆ ಬಾಗಿ ಒಂದು ಅಗುಳು ಹಿಸುಕಿ ನೋಡಿದರು. "ಅರ್ಧ ಬೆಂದೈತೆ" ಅಂದರು. "ಕುಲ್ಸುಂಬಮ್ಮನ್ನ ಕರೆದು ಇನ್ನೊಂದು ಸಲ ಹಚ್ಚಲಾ?"

"ಬೇಡ. ಹಂಗೇ ಬಡಿಸಿ."

ಒಂದೇ ತಟ್ಟೆ ಇತ್ತು. ಅದರಲ್ಲೇ ಇಬ್ಬರೂ ಆ ಗಟ್ಟಿ ಅನ್ನವನ್ನು ಅಗಿದು ಅಗಿದು ತಿಂದೆವು. ಅವರಿಗೆ ಒಂದು ಕಡೆಯ ಹಲ್ಲು ಹೋಗಿತ್ತು, ಹಾಗಾಗಿ ಹೊತ್ತು ಹಿಡಿಯಿತು. ತಿಂದು ಮುಗಿದ ಮೇಲೆ ಅವರು ನನ್ನ ಸೊಂಟದಲ್ಲಿದ್ದ ಸೌಟನ್ನು ಕೇಳಿ ತೆಗೆದುಕೊಂಡರು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಜೀವಮಾನದಲ್ಲಿ ಒಂದು ಸಲವೂ ಬಡಿಯದ ಮನುಷ್ಯ, ಖಾಲಿ ಗಡಿಗೆಯ ಕಂಠಕ್ಕೆ ಎರಡು ಏಟು ಹಾಕಿದರು.